ಮಂಪರು ಸಂಗೀತ ಹುಟ್ಟಿದ್ದು

ಆ ಸಂಗೀತ ಮಾಸಪತ್ರಿಕೆಯಲ್ಲಿ ಒಂದೊಂದು ಪ್ರಕಾರಕ್ಕೂ ಅದರದರ ಯೋಗ್ಯತೆಗೆ ತಕ್ಕಷ್ಟು ಪುಟಗಳಿದ್ದವು. ಪಾಪ್‌ಗೆ ಆರು, ರಾಕ್‌ಗೆ ನಾಲ್ಕು, ಕುಣಿತದ ಹಾಡುಗಳಿಗೆ ಮೂರು, ಜಾಜ್‌ಗೆ ಎರಡು. ಯೋಗ್ಯತೆಯನ್ನು ನಿರ್ಧರಿಸುತ್ತಿದ್ದವರು ಜಾಹೀರಾತು ವಿಭಾಗದವರು ಎಂಬುದು ಬೇರೆ ಮಾತು. ಇವೆಲ್ಲ ಮುಗಿದ ಮೇಲೆ, ಗಿಟಾರ್ ತಂತಿಯ ಜಾಹೀರಾತಿಗೂ ಚಂದಾ ಅರ್ಜಿಗೂ ಮಧ್ಯೆ ಒಂದೇ ಒಂದು ಪುಟ ಉಳಿಯುತ್ತಿತ್ತು. ಅದರ ನೆತ್ತಿಯ ಮೇಲೆ 'ಇತರೆ' ಎಂದು ಅಚ್ಚಾಗಿರುತ್ತಿತ್ತು.

ಆ ಪುಟವನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಂಡು ಬಂದವರಿಗೆ ಕಚೇರಿಯಲ್ಲಿ 'ಇತರೆ ಸಾಹೇಬರು' ಎಂದು ಹೆಸರು ಬಿದ್ದಿತ್ತು. ಹೆಸರಿನಲ್ಲಿ ಸಾಹೇಬರು ಇದ್ದರೂ ಅವರಿಗೆ ಕೊಟ್ಟ ಮೇಜು ಮಾತ್ರ ಮೂಲೆಯಲ್ಲಿ, ನೀರಿನ ಪಾತ್ರೆಯ ಪಕ್ಕದಲ್ಲಿತ್ತು. ಪಾಪ್‌ನವರಿಗೂ ರಾಕ್‌ನವರಿಗೂ ಗಾಜಿನ ಕೋಣೆ, ಮೆತ್ತನೆಯ ಕುರ್ಚಿ, ಹೊಸ ಸಿ.ಡಿ. ಪ್ಲೇಯರ್. ಇವರಿಗೆ ಜಾಹೀರಾತು ವಿಭಾಗ ಬಳಸಿ ಬಿಟ್ಟ ಒಂದು ಹಳೆಯ ಟೇಪ್ ರೆಕಾರ್ಡರ್. ಯಾವ ಕೋಣೆಯಲ್ಲೂ ಜಾಗ ಸಿಗದ ಕ್ಯಾಸೆಟ್ಟುಗಳೆಲ್ಲ ಕೊನೆಗೆ ಇವರ ಮೇಜಿಗೆ ಬಂದು ಬೀಳುತ್ತಿದ್ದವು: ಬಾಟಲಿ ಊದಿ ಸಂಗೀತ ಮಾಡುವವರು, ತಂಗಿ ಹಾಡಿದ್ದನ್ನು ಹಿಂದುಮುಂದಾಗಿ ನುಡಿಸುವವರು, ನಿವೃತ್ತ ಅಂಚೆಯವರ ಕೋರಸ್. ಸಾಹೇಬರು ಎಲ್ಲವನ್ನೂ ಕೇಳುತ್ತಿದ್ದರು. ಕೇಳಿ, ಕಂಜೂಸಿ ಮಾಡದೆ ನಕ್ಷತ್ರ ಕೊಡುತ್ತಿದ್ದರು. ಮುಖವನ್ನೇ ನೋಡದ ಜನರ ಬಗ್ಗೆ ಇಷ್ಟೊಂದು ಒಳ್ಳೆಯ ಮಾತು ಬರೆದ ಇನ್ನೊಬ್ಬ ಮನುಷ್ಯ ಆ ಊರಿನಲ್ಲಿ ಇರಲಿಲ್ಲ.

ಮುಖ ನೋಡಿದವರ ವಿಷಯ ಬೇರೆ. ಸಾಹೇಬರ ಅಕ್ಕ ಅವರಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಸಾಕಿದವಳು, ಓದಿಸಿದವಳು ಎಲ್ಲ ಅವಳೇ. ಕೆಲಸ ದರ್ಜಿಯದು. ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಕಿಟಕಿಯ ಪಕ್ಕ ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರ. ಪರದೆ, ಶಾಲೆಯ ಸಮವಸ್ತ್ರ, ದಿಂಬಿನ ಚೀಲ ಎಲ್ಲವೂ ಆ ಯಂತ್ರದ ಮೇಲೆ ಹಾದುಹೋಗಬೇಕು, ಪ್ರತಿಯೊಂದಕ್ಕೂ ಒಂದು ಹಾಡು ಇರಬೇಕು.

ಅವಳ ಹಾಡುಗಳಿಗೆ ಒಂದು ಗುಣವಿತ್ತು. ಅವು ಬಟ್ಟೆಯ ಜೊತೆಗೇ ಹೊರಡುತ್ತಿದ್ದವು, ಬಟ್ಟೆಯ ಜೊತೆಗೇ ನಿಲ್ಲುತ್ತಿದ್ದವು. ತೆಳು ಬಟ್ಟೆಯಾದರೆ ಪಾದ ಪಟಪಟನೆ ಓಡಿ ಹಾಡೂ ಓಡುತ್ತಿತ್ತು. ಅಂಚು ಮುಗಿದು ಬಟ್ಟೆ ತಿರುಗಿಸುವ ಹೊತ್ತಿಗೆ ಹಾಡು ಪದದ ಮಧ್ಯದಲ್ಲೇ, ಅಕ್ಷರದ ಮಧ್ಯದಲ್ಲೇ ಗಕ್ಕನೆ ನಿಲ್ಲುತ್ತಿತ್ತು. ಬಟ್ಟೆ ತಿರುಗಿ ಸೂಜಿ ಇಳಿದ ಕೂಡಲೇ ಉಳಿದರ್ಧ ಅಕ್ಷರದಿಂದ ಮತ್ತೆ ಶುರು. ಗುಂಡಿಯ ಕಾಜಾ ಹೊಲಿಯುವಾಗ ಬರೀ ಗುನುಗು. ಆ ಯಂತ್ರದ ಅಡಿಯಲ್ಲಿ ಚಿಂದಿಗಳ ಮೇಲೆ ಕೂತು ಅಕ್ಷರ ಕಲಿತ ಸಾಹೇಬರಿಗೆ, ಹಾಡು ಎಂದರೆ ಹೀಗೆ ಮಧ್ಯೆ ಮಧ್ಯೆ ಉಸಿರು ಹಿಡಿದು ಕಾಯಬೇಕಾದದ್ದು ಎಂದೇ ಹತ್ತು ವರ್ಷದವರೆಗೆ ತಿಳುವಳಿಕೆಯಿತ್ತು.

"ರೆಕಾರ್ಡ್ ಮಾಡಕ್ಕ" ಎಂದು ಅವರು ವರ್ಷಗಟ್ಟಲೆ ಬೆನ್ನು ಹತ್ತಿದ್ದರು. "ಹೋಗೋ, ಇದನ್ನ ಯಾರು ಕೇಳ್ತಾರೆ" ಎಂದು ಅವಳು ವರ್ಷಗಟ್ಟಲೆ ತಳ್ಳಿಹಾಕಿದ್ದಳು. ಅರವತ್ತು ದಾಟಿ ಸೂಜಿಗೆ ದಾರ ಪೋಣಿಸುವುದು ಕಷ್ಟವಾದ ಮೇಲೆ, ಏನನ್ನಿಸಿತೋ, ಚಿಕ್ಕದೊಂದು ರೆಕಾರ್ಡರ್ ಕೊಂಡು ಯಂತ್ರದ ಮೇಲಿಟ್ಟುಕೊಂಡು ಹಾಡಿದಳು. ಒಂದು ಭಾನುವಾರ ತಮ್ಮನನ್ನು ಕೂರಿಸಿ ಕೇಳಿಸಿದಳು. ಯಂತ್ರದ ಟಕಟಕ, ಕತ್ತರಿ ಮೇಜಿನ ಮೇಲೆ ಬಿದ್ದ ಸದ್ದು, ಕೆಳಗಿನ ಅಂಗಡಿಯಲ್ಲಿ ಅರ ಉಜ್ಜುವ ಸದ್ದು, ಇವುಗಳ ನಡುವೆ ಅವಳ ದನಿ. ಸಾಹೇಬರ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಇಂಥದ್ದು ತಮ್ಮ ಮೇಜಿಗೆ ಬಂದಿಲ್ಲವೆಂದು ಅವರಿಗೆ ಖಚಿತವಾಗಿ ಗೊತ್ತಾಯಿತು.

ಆದರೆ ವಿಮರ್ಶಕರಲ್ಲವೇ? ಅಚ್ಚಾಗುವ ಮುಂಚೆ ಬಾಯಿಬಿಡುವುದು ವೃತ್ತಿಧರ್ಮಕ್ಕೆ ವಿರುದ್ಧ. ಅದರಲ್ಲೂ ಒಡಹುಟ್ಟಿದವಳು. ಸಾಹೇಬರು ವಿಮರ್ಶಕರ ದನಿಯಲ್ಲಿ ಹೇಳಿದರು:

"ಪರವಾಗಿಲ್ಲ ಅಕ್ಕ. ಮುಗಿಸಿ ನನ್ನ ಪುಟಕ್ಕೆ ಕಳಿಸು."

"ಇನ್ನೆರಡು ಹಾಡು ಬಾಕಿ ಇದೆ" ಎಂದಳು ಅಕ್ಕ. ಮತ್ತೇನಾದರೂ ಹೇಳುತ್ತಾನೇನೋ ಎಂದು ಸ್ವಲ್ಪ ಹೊತ್ತು ತಮ್ಮನ ಮುಖ ನೋಡಿ, ಆಮೇಲೆ ಕಾಫಿ ಬಿಸಿಮಾಡಲು ಎದ್ದಳು.

ಅದಾದ ವಾರಕ್ಕೆ ಪತ್ರಿಕೆಗೆ ಹೊಸ ಸಂಪಾದಕರು ಬಂದರು. ಬಂದದ್ದು ಒಂದು ಬೂಟಿನ ಕಂಪನಿಯ ಮಾರಾಟ ವಿಭಾಗದಿಂದ. ಸಂಗೀತದ ಬಗ್ಗೆ ಏನೂ ಗೊತ್ತಿಲ್ಲದ್ದನ್ನು ಅವರು ಮುಚ್ಚಿಡಲಿಲ್ಲ. ಅದೇ ತಮ್ಮ ಅರ್ಹತೆ ಎಂಬಂತೆ ಮೊದಲ ದಿನವೇ ಎಲ್ಲರನ್ನೂ ಸೇರಿಸಿ ಹೇಳಿದರು. ಆಮೇಲೆ ಪತ್ರಿಕೆಯನ್ನು ಕೊನೆಯಿಂದ ಮಗುಚುತ್ತಾ ಬಂದು ಇತರೆ ಪುಟದಲ್ಲಿ ಬೆರಳಿಟ್ಟರು.

"ಇದೇನಿದು? ಅಂಗಡಿಗೆ ಬಂದು ಯಾರಾದ್ರೂ 'ಇತರೆ ಬೂಟು ಕೊಡಿ' ಅಂತ ಕೇಳ್ತಾರಾ?"

ಗಾಜಿನ ಕೋಣೆಯವರೆಲ್ಲ ನಕ್ಕರು. ಸಾಹೇಬರೂ ನಗಬೇಕಾಯಿತು.

"ಹಾಗಲ್ಲ ಸರ್, ಯಾವ ಪ್ರಕಾರಕ್ಕೂ ಸೇರದೇ ಇರೋದನ್ನ..."

"ಸೇರದೇ ಇರೋದನ್ನ ಯಾರಿಗೆ ಮಾರೋಣ? ನೋಡಿ, ನಾನೇನೂ ನಿಮ್ಮ ಹೊಟ್ಟೆ ಮೇಲೆ ಹೊಡೆಯೋನಲ್ಲ. ಒಂದು ಪ್ರಕಾರದ ಹೆಸರು ಕೊಡಿ. ಮೂರು ವಾಕ್ಯದಲ್ಲಿ ಅದರ ಲಕ್ಷಣ ಬರೆದುಕೊಡಿ. ಇವತ್ತು ನಾಲ್ಕು ಗಂಟೆಗೆ ನನ್ನ ಮೇಜಿನ ಮೇಲೆ ಇದ್ರೆ ಪುಟ ಇರುತ್ತೆ. ಇಲ್ಲಾಂದ್ರೆ ಗಿಟಾರ್ ತಂತಿಯವರು ಒಂದು ಪೂರ್ತಿ ಪುಟ ಕೇಳ್ತಾ ಇದಾರೆ."

ಸಾಹೇಬರಿಗೆ ನೌಕರಿಯ ಚಿಂತೆಗಿಂತ ಹೆಚ್ಚಾಗಿ ಕಣ್ಣ ಮುಂದೆ ಬಂದದ್ದು ಅಕ್ಕನ ಕ್ಯಾಸೆಟ್ಟು. ಪುಟ ಹೋದರೆ ಅದು ಎಲ್ಲಿಗೆ ಹೋಗಬೇಕು? ಪಾಪ್‌ನವರು ಮೂಗು ಮುರಿಯುತ್ತಾರೆ, ಜಾಜ್‌ನವರು ಪೊಟ್ಟಣವನ್ನೇ ಒಡೆಯುವುದಿಲ್ಲ. ಪುಟ ಉಳಿಯಲೇಬೇಕು, ಹೆಸರು ಏನಾದರೇನು ಎಂದುಕೊಂಡು ಮೂಲೆಗೆ ಬಂದು ಕೂತರು. ಗಂಟೆ ಎರಡೂವರೆಯಾಗಿತ್ತು. ಮೇಜಿನ ಮೇಲೆ ಆ ದಿನದ ಅಂಚೆಯಲ್ಲಿ ಬಂದ ಒಂದೇ ಒಂದು ಕ್ಯಾಸೆಟ್ಟಿತ್ತು. ಒಂದು ಬೇಕರಿಯ ಐವರು ಕೆಲಸಗಾರರು ಸೇರಿ ಹಾಡಿದ್ದು ಎಂಬುದನ್ನು ಬಿಟ್ಟರೆ ಅದರ ಮೇಲೆ ಬೇರೇನೂ ಬರೆದಿರಲಿಲ್ಲ. ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದರು.

ಬಂದದ್ದು ವಿಚಿತ್ರವಾದ ಸಂಗೀತ. ಲಯ ಕಾಲೆಳೆದುಕೊಂಡು ನಡೆಯುತ್ತಿತ್ತು. ಐದು ದಪ್ಪ ದನಿಗಳು ಬಾವಿಯೊಳಗಿಂದ ಬಂದಂತೆ ಏನನ್ನೋ ಹಾಡುತ್ತಿದ್ದವು, ಪದ ಒಂದೂ ತಿಳಿಯುತ್ತಿರಲಿಲ್ಲ. ದೂರದಲ್ಲಿ ಎಲ್ಲೋ ಮಂಕಾಗಿ ಗಂಟೆ ಬಡಿಯುತ್ತಿತ್ತು. ಕೆಲವು ತಿಂಗಳಿಂದ ತಮ್ಮ ಮೇಜಿಗೆ ಬರುವುದೆಲ್ಲ ಸ್ವಲ್ಪ ಸ್ವಲ್ಪವೇ ಹೀಗೆ ಭಾರವಾಗುತ್ತಿದೆ, ಲೋಕಕ್ಕೇ ಏನೋ ವ್ಯಥೆ ಕವಿದಿದೆ ಎಂದು ಸಾಹೇಬರಿಗೆ ಮೊದಲೇ ಅನ್ನಿಸಿತ್ತು. ಮನೆಯಲ್ಲಿ ಹೋಲಿಸಿ ನೋಡೋಣವೆಂದರೆ, ಕಚೇರಿಯ ಗದ್ದಲ ಕಚೇರಿಯಲ್ಲೇ ಇರಲಿ ಎಂದು ಹೆಂಡತಿ ಮನೆಗೆ ಒಂದು ರೇಡಿಯೋ ಕೂಡ ತರಗೊಟ್ಟಿರಲಿಲ್ಲ. ಈಗ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಪೆನ್ನು ತೆಗೆದು ಬರೆದರು.

'ಮಂಪರು ಸಂಗೀತ. ಇದರಲ್ಲಿ ಲಯ ಓಡುವುದಿಲ್ಲ, ಅರೆನಿದ್ದೆಯಲ್ಲಿ ಹೆಜ್ಜೆ ಹಾಕುತ್ತದೆ. ದನಿ ತನ್ನ ಸಹಜ ಶ್ರುತಿಗಿಂತ ಯಾವಾಗಲೂ ಒಂದು ಕೂದಲೆಳೆ ಕೆಳಗಿದ್ದು, ಪದಗಳು ದುಃಖದಲ್ಲಿ ಕರಗಿಹೋಗಿರುತ್ತವೆ. ತಾಳ ದೂರದ ಗಂಟೆಯಂತೆ ಮಂಕಾಗಿ ಕೇಳಬೇಕೇ ಹೊರತು, ದಿನನಿತ್ಯದ ಕೆಲಸದ ಸದ್ದುಗದ್ದಲಕ್ಕೆ ಇಲ್ಲಿ ಜಾಗವಿಲ್ಲ.'

ಮೂರನೆಯ ವಾಕ್ಯವನ್ನು ಬರೆಯುವಾಗ ಅಕ್ಕನ ಯಂತ್ರ ನೆನಪಾಗಿ ಪೆನ್ನು ಒಂದು ಕ್ಷಣ ನಿಂತಿತು. ಗಂಟೆ ಮೂರೂ ಮುಕ್ಕಾಲಾಗಿತ್ತು. ಪುಟ ನನ್ನ ಕೈಯಲ್ಲೇ ಇರುತ್ತದಲ್ಲ, ಅವಳ ಕ್ಯಾಸೆಟ್ಟು ಬಂದಾಗ ನಿಯಮ ಸಡಿಲಿಸಿದರಾಯಿತು ಎಂದುಕೊಂಡು ಬರೆದು ಮುಗಿಸಿದರು. ಬೇಕರಿಯವರಿಗೆ ಐದು ನಕ್ಷತ್ರ ಕೊಟ್ಟು, 'ಕಳೆದುಹೋದ ಯಾರನ್ನೋ ನೆನೆದು ಐವರು ಅತ್ತ ಅಳು' ಎಂದು ಶಿರೋನಾಮೆ ಹಾಕಿದರು.

ಸಂಪಾದಕರು ಓದಿ ತಲೆದೂಗಿದರು. "ಅರ್ಥ ಆಗ್ಲಿಲ್ಲ. ಚೆನ್ನಾಗಿದೆ."

ಆಮೇಲೆ ನಡೆದದ್ದನ್ನು ಸಾಹೇಬರು ಕನಸಿನಲ್ಲೂ ಎಣಿಸಿರಲಿಲ್ಲ. ಮೊದಲ ತಿಂಗಳು ಓದುಗರ ಪತ್ರಗಳು ಹನ್ನೊಂದು ಬಂದವು. ಹಾಡನ್ನು ಕೇಳಿದವರು ಅವರಲ್ಲಿ ಒಬ್ಬರಾದರೂ ಇದ್ದರೋ ಇಲ್ಲವೋ, ಲಕ್ಷಣವನ್ನು ಮಾತ್ರ ಎಲ್ಲರೂ ಬಾಯಿಪಾಠ ಮಾಡಿದ್ದರು. ತಾನು ಹುಟ್ಟಿದಾಗಿನಿಂದ ಮಂಪರನ್ನೇ ಹುಡುಕುತ್ತಿದ್ದೆ ಎಂದು ಒಬ್ಬ ದಂತವೈದ್ಯರು ಬರೆದಿದ್ದರು. ನಿಜವಾದ ಮಂಪರು ಮುಗಿದುಹೋಯಿತು, ಈಗಿನದೆಲ್ಲ ನಕಲಿ ಎಂದು ಎರಡನೆಯ ತಿಂಗಳಲ್ಲೇ ಒಬ್ಬರು ಗೊಣಗಿದ್ದರು. ಬೇಕರಿಯ ಐವರಂತೂ ಅಚ್ಚುಕಟ್ಟಾದ ಕಾಗದದಲ್ಲಿ ಕೃತಜ್ಞತೆ ಸಲ್ಲಿಸಿದ್ದರು: 'ನಾವು ಏನು ಮಾಡುತ್ತಿದ್ದೇವೆಂದು ತಾವು ಬರೆದ ಮೇಲೆಯೇ ನಮಗೆ ಗೊತ್ತಾಯಿತು. ಮುಂದಿನ ಕ್ಯಾಸೆಟ್ಟಿನಲ್ಲಿ ತಮ್ಮ ಮಾತಿಗೆ ಇನ್ನಷ್ಟು ಹತ್ತಿರ ಬರುವ ಪ್ರಯತ್ನ ಮಾಡುತ್ತೇವೆ.' ತನ್ನನ್ನು ಹೊಗಳಿದ ವಿಮರ್ಶೆಯಲ್ಲಿ ತಪ್ಪು ಹುಡುಕುವ ಕಲಾವಿದ ಇನ್ನೂ ಹುಟ್ಟಬೇಕಷ್ಟೆ.

ಮೂರನೆಯ ತಿಂಗಳ ಹೊತ್ತಿಗೆ ಮಂಪರು ತಂಡಗಳು ಮೂವತ್ತಾದವು. ಬಾಟಲಿ ಊದುವವರು ಮಂಪರಿಗೆ ಬಂದರು. ಅಂಚೆಯವರ ಕೋರಸ್ ನಿಧಾನವಾಯಿತು. ಪುಟ ಒಂದಿದ್ದದ್ದು ಎರಡಾಯಿತು, ದಿಂಬಿನ ಕಂಪನಿಯೊಂದು ಜಾಹೀರಾತು ಕೊಟ್ಟಿತು. ಗಾಜಿನ ಕೋಣೆಯವರು ನೀರು ಕುಡಿಯುವ ನೆಪದಲ್ಲಿ ಮೂಲೆಗೆ ಬಂದು ಸಾಹೇಬರ ಯೋಗಕ್ಷೇಮ ವಿಚಾರಿಸತೊಡಗಿದರು. ಹೊಸ ಸಿ.ಡಿ. ಪ್ಲೇಯರ್ ಕೊಡಿಸಲೇ ಎಂದು ಸಂಪಾದಕರು ಕೇಳಿದರೆ, ಸಾಹೇಬರು ಹಳೆಯ ರೆಕಾರ್ಡರಿನ ಬೆನ್ನು ತಟ್ಟಿ, "ಮಂಪರು ಇದರಲ್ಲಿ ಕೇಳಿದ ಹಾಗೆ ಬೇರೆಯದರಲ್ಲಿ ಕೇಳಲ್ಲ ಸರ್" ಎಂದರು. ಅವರು ಬರೆದದ್ದೂ ಆಡಿದ್ದೂ ಎಲ್ಲ ಸೇರಿ, ಆ ವರ್ಷ ಅವರ ಬಾಯಿಂದ ಬಂದ ನೂರಕ್ಕೆ ನೂರು ಸತ್ಯವಾದ ಮಾತು ಅದೊಂದೇ.

ಈ ಸಂಭ್ರಮದಲ್ಲಿ ಅಕ್ಕನ ಮನೆಗೆ ಹೋಗುವುದು ತಪ್ಪಿತು. ಫೋನು ಮಾಡಿ ಕ್ಯಾಸೆಟ್ಟು ಎಲ್ಲಿಗೆ ಬಂತು ಎಂದು ಕೇಳಿದರೆ, "ಆಗ್ತಾ ಇದೆ ಕಣೋ, ಅವಸರ ಮಾಡ್ಬೇಡ" ಎನ್ನುತ್ತಿದ್ದಳು. ಹೊಲಿಯಲು ಕೊಟ್ಟ ಬಟ್ಟೆ ತಿಂಗಳಾದರೂ ಬಂದಿಲ್ಲವೆಂದು ಸಾಹೇಬರ ಹೆಂಡತಿ ಒಂದು ದಿನ ಆಡಿಕೊಂಡಳು. ಅತ್ತಿಗೆಗೆ ವಯಸ್ಸಾಯಿತು, ಕಾಲು ನಡೆಯುತ್ತಿಲ್ಲ ಎಂದಳು.

ನಾಲ್ಕನೆಯ ತಿಂಗಳ ಒಂದು ಮಧ್ಯಾಹ್ನ ಅಕ್ಕ ತಾನೇ ಕಚೇರಿಗೆ ಬಂದಳು. ಹೊಲಿಗೆಯ ಕೈಚೀಲ ಹೆಗಲಲ್ಲಿ, ಮುಖದ ಮೇಲೆ ಪರೀಕ್ಷೆಗೆ ಬಂದವರ ಗಾಂಭೀರ್ಯ. ಮೇಜಿನ ಮೇಲೆ ಕ್ಯಾಸೆಟ್ಟನ್ನಿಟ್ಟು, ಎದುರಿನ ಕುರ್ಚಿಯ ತುದಿಯಲ್ಲಿ ಕೂತಳು.

"ಕಳಿಸು ಅಂದಿದ್ದೆ ನೀನು. ಅಂಚೇಲಿ ಕಳೆದುಹೋದ್ರೆ ಅಂತ ಭಯ ಆಯ್ತು. ಕೇಳಿ ನೋಡು. ನೀನು ಬರೆದ ಹಾಗೇ ಬಂದಿದೆ."

"ನಾನು ಬರೆದ ಹಾಗೆ ಅಂದ್ರೆ?"

"ಅದೇ ಆ ಮಂಪರು. ಮೂರು ಲಕ್ಷಣಾನೂ ಗೋಡೆಗೆ ಅಂಟಿಸಿಕೊಂಡಿದ್ದೆ. ಮೊದಲಿನದರಲ್ಲಿ ಬರೀ ಮಿಷನ್ ಸದ್ದು, ಕತ್ತರಿ ಸದ್ದು, ಎಲ್ಲ ಓಟ. ಅದಕ್ಕೇ ನೀನು ಪರವಾಗಿಲ್ಲ ಅಂದಿದ್ದು ಅಂತ ಆಮೇಲೆ ತಿಳೀತು. ಮಿಷನ್ನಿಗೆ ಕಂಬಳಿ ಹೊದಿಸಿದೆ. ಕಾಲನ್ನ ನಿಧಾನ ಮಾಡೋದು ಕಷ್ಟ ಆಯ್ತಪ್ಪ. ಮೂರು ತಿಂಗಳು, ದಿನಾ ತುಳಿದೆ."

ಸಾಹೇಬರು ಕ್ಯಾಸೆಟ್ಟನ್ನು ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದರು.

ಮೊದಲ ಸಾಲು ಮುಗಿಯುವ ಮೊದಲೇ ಅಕ್ಕ ಹುಬ್ಬು ಗಂಟಿಕ್ಕಿದಳು. ಕಿವಿಯನ್ನು ರೆಕಾರ್ಡರಿನ ಹತ್ತಿರ ತಂದಳು. "ಇದು ನಾನಲ್ಲ" ಎಂದಳು.

"ನೀನೇ ಅಕ್ಕ."

"ಅಯ್ಯೋ, ನನ್ನ ದನಿ ನನಗೆ ಗೊತ್ತಿಲ್ವೇನೋ? ಇದ್ಯಾರೋ ಗಂಡಸು ನಿದ್ದೆಗಣ್ಣಲ್ಲಿ ಹಾಡ್ತಾ ಇದಾನೆ." ಅವಳು ರೆಕಾರ್ಡರಿನ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಒಂದು ನಿಮಿಷ ಹಾಗೇ ಇದ್ದಳು. ಐವತ್ತು ವರ್ಷ ಒಂದೇ ಯಂತ್ರದ ಜೊತೆ ಬಾಳಿದ ಕೈ ಅದು. "ಇದರ ಬೆಲ್ಟು ಸಡಿಲ ಆಗಿದೆ ಕಣೋ. ಮೋಟ್ರು ಓಡ್ತಾ ಇದೆ, ಚಕ್ರ ಅಷ್ಟು ಬೇಗ ತಿರುಗ್ತಾ ಇಲ್ಲ. ಅದಕ್ಕೇ ಹಾಡೆಲ್ಲ ನಿಧಾನ, ದನಿಯೆಲ್ಲ ದಪ್ಪ. ಎಷ್ಟು ದಿನದಿಂದ ಹೀಗಿದೆ?"

ಸಾಹೇಬರು ಮನಸ್ಸಿನಲ್ಲೇ ತಿಂಗಳು ಎಣಿಸತೊಡಗಿದರು. ಅಷ್ಟರಲ್ಲಿ ಅಕ್ಕ ಚೀಲದಿಂದ ಹೊಲಿಗೆ ಯಂತ್ರದ ಚಿಕ್ಕ ಸ್ಕ್ರೂಡ್ರೈವರ್ ತೆಗೆದು ರೆಕಾರ್ಡರಿನ ಬೆನ್ನು ಬಿಚ್ಚಿಯಾಗಿತ್ತು. ಒಳಗೆ ರಬ್ಬರಿನ ಬೆಲ್ಟು ಹಳೆಯ ಲಾಡಿಯಂತೆ ಜೋತುಬಿದ್ದಿತ್ತು. ಅವಳು ಅದನ್ನು ಬೆರಳಲ್ಲಿ ಎತ್ತಿ ತೋರಿಸಿ, ಆಚೀಚೆ ಕಣ್ಣಾಡಿಸಿ, ಓದುಗರ ಪತ್ರಗಳ ಕಟ್ಟಿಗೆ ಹಾಕಿದ್ದ ರಬ್ಬರ್ ಬ್ಯಾಂಡನ್ನು ಕಿತ್ತಳು. ದಂತವೈದ್ಯರ ಪತ್ರ ಮೊದಲಾಗಿ ಎಲ್ಲವೂ ನೆಲಕ್ಕೆ ಹರಡಿದವು. ರಬ್ಬರ್ ಬ್ಯಾಂಡನ್ನು ಬೆಲ್ಟಿನ ಜಾಗಕ್ಕೆ ಸಿಕ್ಕಿಸಿ ಗುಂಡಿ ಒತ್ತಿದಳು.

ಈಗ ಬಂದದ್ದು ಅಕ್ಕನ ದನಿ. ನಿಧಾನವಾದ, ಕಂಬಳಿ ಹೊದ್ದ, ಮೂರು ಲಕ್ಷಣಗಳಿಗೂ ಒಂದಿಷ್ಟೂ ಲೋಪ ಬರದ ಹಾಡು. ಎಲ್ಲೂ ನಿಲ್ಲುತ್ತಿರಲಿಲ್ಲ. ಪದದ ಮಧ್ಯೆ ಬಟ್ಟೆ ತಿರುಗುತ್ತಿರಲಿಲ್ಲ. ಹೊಲಿದು ಇಸ್ತ್ರಿ ಮಾಡಿ ಮಡಿಸಿಟ್ಟಂತೆ ಸಪಾಟಾಗಿತ್ತು.

ಸಾಹೇಬರು ಅದನ್ನು ನಿಲ್ಲಿಸಿ, ಮೇಜಿನ ಖಾನೆಯಿಂದ ಬೇಕರಿಯವರ ಕ್ಯಾಸೆಟ್ಟನ್ನು ಹುಡುಕಿ ತೆಗೆದರು. ರೆಕಾರ್ಡರಿಗೆ ಹಾಕಿದರು.

ಐದು ಜನ ಗಂಟಲು ಕಿತ್ತುಹೋಗುವಂತೆ ಖುಷಿಯಲ್ಲಿ ಹಾಡುತ್ತಿದ್ದರು. ಯಾರೋ ತಗಡಿನ ತಟ್ಟೆಯನ್ನು ಚಮಚದಲ್ಲಿ ಬಡಿಯುತ್ತಿದ್ದರು. ಮಂಕಾದ ಗಂಟೆ ಎಂದರೆ ಅದೇ. ಪದಗಳು ಸ್ಪಷ್ಟವಾಗಿದ್ದವು: ಮಾಲೀಕ ಊರಿಗೆ ಹೋಗಿದ್ದಾನೆ, ಇವತ್ತು ಎಲ್ಲರೂ ಬಿಸಿ ಬ್ರೆಡ್ಡು ತಿನ್ನಿ. ನಡುವೆ ಒಬ್ಬ ನಗು ತಡೆಯಲಾರದೆ ಸಾಲು ತಪ್ಪಿಸಿ ಬೈಸಿಕೊಂಡ. ನೀರು ಕುಡಿಯಲು ಬಂದ ಪಾಪ್ ವಿಭಾಗದವರ ಕಾಲು ತಾನಾಗಿ ತಾಳ ಹಾಕಿತು. "ಯಾರು ಇವರು? ನಮ್ಮ ಪುಟಕ್ಕೆ ಕೊಡ್ತೀರಾ?" ಎಂದು ಕೇಳಿ, ಲೋಟ ತುಂಬಿಸಿಕೊಂಡು ಹೊರಟುಹೋದರು.

"ಒಳ್ಳೆ ಮಜವಾಗಿದೆಯಲ್ಲೋ" ಎಂದಳು ಅಕ್ಕ. "ಇವರ್ಯಾರು?"

"ಮಂಪರು ಸಂಗೀತ ಶುರು ಮಾಡಿದವರು."

ಅಕ್ಕ ತಮ್ಮನ ಮುಖ ನೋಡಿದಳು, ಬಿಚ್ಚಿಟ್ಟ ಬೆಲ್ಟನ್ನು ನೋಡಿದಳು, ನೆಲದ ಮೇಲೆ ಚೆಲ್ಲಿದ್ದ ಪತ್ರಗಳನ್ನು ನೋಡಿದಳು. ಅವಳಿಗೆ ಯಾವುದನ್ನೂ ಎರಡು ಸಲ ಹೇಳಬೇಕಾಗಿರಲಿಲ್ಲ. ಮೊದಲು ತುಟಿ ಅಲುಗಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಾಜಿನ ಕೋಣೆಗಳಿಂದ ತಲೆಗಳು ಹೊರಗೆ ಬಂದವು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕು, ಚೀಲದಿಂದ ಒಂದು ಚಿಂದಿ ತೆಗೆದು ಕಣ್ಣೊರೆಸಿಕೊಂಡಳು.

"ಮೂವತ್ತು ತಂಡ ಅಂತ ಬರೆದಿದ್ದೆಯಲ್ಲೋ! ಮೂವತ್ತು ತಂಡ, ಒಂದು ಬೆಲ್ಟು!"

ಸಾಹೇಬರಿಗೆ ನಗು ಬರಲಿಲ್ಲ. "ಅಕ್ಕ, ಮೊದಲಿಂದು ಎಲ್ಲಿದೆ? ಆವತ್ತು ಭಾನುವಾರ ಕೇಳಿಸಿದ್ದು?"

"ಅದರ ಮೇಲೇ ಇದನ್ನ ಹಾಡಿದೆ. ಒಳ್ಳೆ ಕ್ಯಾಸೆಟ್ಟು, ಯಾಕೆ ದಂಡ ಮಾಡೋದು ಅಂತ."

"ಇನ್ನೊಂದು ಸಲ ಹಾಡು. ಮೊದಲಿನ ಹಾಗೇ. ನಾನೇ ಬಂದು ರೆಕಾರ್ಡ್ ಮಾಡ್ತೀನಿ."

"ಅದಕ್ಕೇನಂತೆ" ಎಂದು ಅಕ್ಕ ಅಲ್ಲೇ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಮೇಜಿನ ಅಡಿಯಲ್ಲಿ ಎರಡು ಪಾದಗಳನ್ನೂ ಜೋಡಿಸಿ, ಇಲ್ಲದ ಯಂತ್ರವನ್ನು ತುಳಿಯುತ್ತಾ ಹಾಡು ತೆಗೆದಳು. ತೆಳು ಬಟ್ಟೆಯ ಹಾಡು. ಎರಡು ಸಾಲು ಹೋಗುವಷ್ಟರಲ್ಲಿ ಪಾದ ಹಿಂದೆ ಬಿತ್ತು. ನಿಲ್ಲಿಸಿ, ಸೀರೆಯ ನೆರಿಗೆ ಸರಿಸಿ ಮತ್ತೆ ಶುರು ಮಾಡಿದಳು. ಮತ್ತೆ ಅದೇ ಜಾಗದಲ್ಲಿ ಪಾದ ತಾನಾಗಿ ನಿಧಾನವಾಯಿತು, ಹಾಡೂ ಅದರ ಜೊತೆ ಇಳಿದು ಮಂಪರಾಯಿತು. ಮೂರನೆಯ ಸಲ ಅವಳು ಕೈಯಿಂದ ಮಂಡಿಯನ್ನು ಒತ್ತಿ ನೋಡಿದಳು.

"ಕಾಲು ಮಾತು ಕೇಳ್ತಾ ಇಲ್ಲ" ಎಂದಳು, ಯಂತ್ರದ ಬಗ್ಗೆ ಹೇಳುವ ದನಿಯಲ್ಲೇ. "ಕಷ್ಟಪಟ್ಟು ಕಲಿಸಿದ್ದೆ ನೋಡು."

ಸಾಹೇಬರು ತಲೆಯ ಮೇಲೆ ಕೈಹೊತ್ತು ಕೂತರು. ಅಕ್ಕ ಬಗ್ಗಿ ಪತ್ರಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿದಳು. ಆಮೇಲೆ ರೆಕಾರ್ಡರಿನಿಂದ ರಬ್ಬರ್ ಬ್ಯಾಂಡ್ ಬಿಡಿಸಿ ಪತ್ರಗಳ ಕಟ್ಟಿಗೇ ಹಾಕಿ, ಹಳೆಯ ಬೆಲ್ಟನ್ನು ಅದರ ಜಾಗಕ್ಕೆ ಏರಿಸಿ, ಬೆನ್ನು ಮುಚ್ಚಿ ಸ್ಕ್ರೂ ತಿರುಗಿಸಿದಳು.

"ಇರಲಿ ಬಿಡು. ಅಷ್ಟು ಜನ ನಂಬಿಕೊಂಡು ಹಾಡ್ತಾ ಇದಾರೆ, ಅವರ ಹೊಟ್ಟೆ ಉರಿಸಬೇಡ. ನಿನ್ನ ಪುಟಾನೂ ಉಳೀಲಿ. ಇದಕ್ಕೆ ಎಷ್ಟು ನಕ್ಷತ್ರ ಕೊಡ್ತೀಯ?"

"ಐದು" ಎಂದರು ಸಾಹೇಬರು. ಮಂಪರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವಂತಿರಲಿಲ್ಲ.

"ಐದಾ!" ಅಕ್ಕನ ಮುಖ ಅರಳಿತು. ಕ್ಯಾಸೆಟ್ಟನ್ನು ತಮ್ಮನ ಕಡೆ ಇನ್ನಷ್ಟು ಸರಿಸಿ, ಚೀಲ ಹೆಗಲಿಗೆ ಹಾಕಿ ಎದ್ದಳು. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಆವತ್ತಿಂದಕ್ಕೆ ಎಷ್ಟು ಕೊಡ್ತಿದ್ದೆ?"

ಹತ್ತೊಂಬತ್ತು ವರ್ಷದಲ್ಲಿ ಬಳಸಿದ ವಿಶೇಷಣಗಳಲ್ಲಿ ಒಂದಾದರೂ ಸಾಹೇಬರ ಬಾಯಿಗೆ ಬರಲಿಲ್ಲ.  ಈ ಸಲ ವಿಮರ್ಶಕರ ದನಿಯನ್ನು ಹುಡುಕಲು ಹೋಗಲಿಲ್ಲ.

"ಅದು ತುಂಬಾ ಚೆನ್ನಾಗಿತ್ತು ಅಕ್ಕ."

ಅಕ್ಕ ಹೋಗಿದ್ದ ಎರಡು ಹೆಜ್ಜೆ ಮರಳಿ ಬಂದಳು.

"ಇಷ್ಟು ಹೇಳೋಕೆ ನಿಂಗೆ ಒಂದು ಪತ್ರಿಕೆ ಬೇಕಿತ್ತೇನೋ, ಪುಟ್ಟ?" ಎಂದಳು.